ತಕಮತ್ಸುಜುಕಾ: ಚಿತ್ರಗಳನ್ನು ಉಳಿಸಲು ಗೋರಿಯನ್ನೇ ಬಿಚ್ಚಿದ್ದು ಸರಿಯೇ?

ಒಸಾಕಾವಾಸಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಕೆಲವು ವರ್ಷಗಳಿಂದ ಒಸಾಕಾದಲ್ಲಿದ್ದೇನೆ. ಕಳೆದ ಭಾನುವಾರ ನಾರಾ ಪ್ರಾಂತ್ಯದ ಅಸುಕಾ ಗ್ರಾಮಕ್ಕೆ ಹೋಗಿ ತಕಮತ್ಸುಜುಕಾ ಎಂಬ ಗೋರಿದಿಬ್ಬವನ್ನು ನೋಡಿಕೊಂಡು ಬಂದೆ. ಅಂದಿನಿಂದ ಒಂದು ಪ್ರಶ್ನೆ ಮನಸ್ಸಿನಲ್ಲಿ ಕೊರೆಯುತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಜಪಾನಿನಲ್ಲಿ ಇಂಥ ದಿಬ್ಬಗಳನ್ನು ಕೊಫುನ್ ಎನ್ನುತ್ತಾರೆ. 3ನೆಯ ಶತಮಾನದ ನಡುಭಾಗದಿಂದ 7ನೆಯ ಶತಮಾನದವರೆಗೆ ಅರಸರಿಗೂ ಕುಲದ ಮುಖ್ಯರಿಗೂ ಕಟ್ಟಿದ ದಿಬ್ಬಗಳು ದೇಶದಾದ್ಯಂತ ಒಂದೂವರೆ ಲಕ್ಷಕ್ಕೂ ಮಿಕ್ಕಿವೆ. ಬೀಗದ ಕಿಂಡಿಯ ಆಕಾರದ ದೈಸೆನ್ ದಿಬ್ಬ ಸಕಾಯ್ ನಗರದ ನಡುವೆ 486 ಮೀಟರು ಉದ್ದಕ್ಕೆ ಮಲಗಿದೆ. ಅದನ್ನು ನೋಡಿದ ಕಣ್ಣಿಗೆ ತಕಮತ್ಸುಜುಕಾ ತೀರ ಚಿಕ್ಕದು. ಎರಡು ಅಂತಸ್ತಿನ ದುಂಡು ಗುಡ್ಡೆ, ಬುಡದ ಅಡ್ಡಳತೆ 23 ಮೀಟರು, ಎತ್ತರ 5 ಮೀಟರು. ಕಾಲವೂ ತಡವಾದದ್ದು, 7ನೆಯ ಶತಮಾನದ ಕೊನೆ ಅಥವಾ 8ನೆಯ ಶತಮಾನದ ಆರಂಭ ಎನ್ನುತ್ತಾರೆ. ಆದರೆ ಒಳಗಿನ ಕಲ್ಲುಕೋಣೆಯ ಗೋಡೆಗಳ ಮೇಲೆ ಬಣ್ಣದ ಚಿತ್ರಗಳಿದ್ದವು.

"ಇದ್ದವು" ಎಂದೇ ಬರೆಯಬೇಕಾಗಿದೆ. ನಾನು ಕಂಡದ್ದು ಹುಲ್ಲು ಹೊದ್ದ ಗುಡ್ಡೆಯನ್ನು ಮತ್ತು ಪಕ್ಕದ ಪ್ರದರ್ಶನಾಲಯದಲ್ಲಿರುವ ನಕಲುಗಳನ್ನು ಮಾತ್ರ. ಮೂಲ ಚಿತ್ರಗಳನ್ನು, ಅವು ಅಂಟಿಕೊಂಡಿದ್ದ ಕಲ್ಲುಗಳ ಸಮೇತ, 2007ರಲ್ಲಿ ಹೊರಗೆ ತೆಗೆದಿದ್ದಾರೆ. ಅಂದರೆ ಚಿತ್ರಗಳನ್ನು ಕಾಪಾಡಲಿಕ್ಕೆಂದು ಗೋರಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿದ್ದಾರೆ. ಗುಡ್ಡೆಯನ್ನು ಮತ್ತೆ ಹಳೆಯ ರೂಪಕ್ಕೆ ತಂದಿದ್ದರೂ ಅದರ ಒಡಲು ಬರಿದಾಗಿದೆ. ಇದು ಸರಿಯಾಯಿತೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಸುಣ್ಣಗಾರೆ

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಹಳೆಯ ಕಟ್ಟಡಗಳ ಗಿಲಾವು ದುರಸ್ತಿಯ ಕೆಲಸದಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಆದ್ದರಿಂದ ತಕಮತ್ಸುಜುಕಾದ ಕಥೆಯನ್ನು ಹತ್ತಿರದಿಂದ ಓದುತ್ತ ಬಂದಿದ್ದೇನೆ. ತುಸು ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ 2007ರ ತೀರ್ಮಾನವನ್ನು ಅದೊಂದನ್ನೇ ಎತ್ತಿಕೊಂಡು ತೂಗಿದರೆ ನ್ಯಾಯ ಸಿಗುವುದಿಲ್ಲ.

1962ರ ಸುಮಾರಿಗೆ ಊರಿನವರೊಬ್ಬರು ಶುಂಠಿ ಕೂಡಿಡಲು ದಿಬ್ಬದ ದಕ್ಷಿಣಕ್ಕೆ ಗುಂಡಿ ತೋಡುವಾಗ ಚೌಕವಾಗಿ ಕಡಿದ ಕಲ್ಲು ಸಿಕ್ಕಿತು. ಹತ್ತು ವರ್ಷಗಳ ನಂತರ, 1972ರ ಮಾರ್ಚ್ ಮೊದಲ ದಿನ, ಕಶಿಹಾರಾ ಪುರಾತತ್ತ್ವ ಸಂಸ್ಥೆಯವರು ಉತ್ಖನನ ಆರಂಭಿಸಿದರು. ಮಾರ್ಚ್ 21ರಂದು, ಹಿಂದೆ ಕಳ್ಳರು ಕೊರೆದಿದ್ದ ಕಿಂಡಿಯಿಂದ ಒಳಗೆ ಬೆಳಕು ಬಿದ್ದಾಗ ಬಣ್ಣ ಕಾಣಿಸಿತು. ಕೋಣೆ ಎಷ್ಟು ಇಕ್ಕಟ್ಟೆಂದರೆ ಉದ್ದ ಸುಮಾರು 2.65 ಮೀಟರು, ಅಗಲ 1.03 ಮೀಟರು, ಎತ್ತರ 1.13 ಮೀಟರು. ಒಂದು ಶವಪೆಟ್ಟಿಗೆಗೆ ಸಾಲುವಷ್ಟೇ ಜಾಗ. ಬದುಕಿರುವವನು ಅಲ್ಲಿ ನೆಟ್ಟಗೆ ನಿಲ್ಲಲಾರ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತು ಕಲ್ಲಿನ ಹದಿನಾರು ಚಪ್ಪಡಿಗಳನ್ನು ಪೆಟ್ಟಿಗೆಯಂತೆ ಜೋಡಿಸಿ, ಒಳಮೈಗೆ ಕೆಲವೇ ಮಿಲಿಮೀಟರು ದಪ್ಪದ ಸುಣ್ಣದ ಗಿಲಾವು ಬಳಿದು, ಅದರ ಮೇಲೆ ಚಿತ್ರ ಬರೆದಿದ್ದರು. ಪೂರ್ವದ ಗೋಡೆಯಲ್ಲಿ ನೀಲಿ ಡ್ರ್ಯಾಗನ್, ಪಶ್ಚಿಮದಲ್ಲಿ ಬಿಳಿ ಹುಲಿ, ಉತ್ತರದಲ್ಲಿ ಹಾವು ಸುತ್ತಿಕೊಂಡ ಆಮೆ; ಎರಡು ಪಕ್ಕಗಳಲ್ಲೂ ಗಂಡಸರ, ಹೆಂಗಸರ ಗುಂಪುಗಳು; ಮಾಡಿನಲ್ಲಿ ಬಂಗಾರದ ತಗಡಿನ ನಕ್ಷತ್ರಗಳು. ದಕ್ಷಿಣದ ಕೆಂಪು ಹಕ್ಕಿ ಮಾತ್ರ ಕಳ್ಳರ ಕಿಂಡಿಗೆ ಬಲಿಯಾಗಿತ್ತು.

ಇಲ್ಲಿಂದ ಮುಂದಿನದು ನೋವಿನ ಕಥೆ. ಸಾವಿರದ ಮುನ್ನೂರು ವರ್ಷ ಆ ಗಿಲಾವು ಉಳಿದದ್ದಕ್ಕೆ ಒಂದೇ ಕಾರಣ, ಅದರ ಸುತ್ತಲಿನ ಹವೆ ಕದಲಲಿಲ್ಲ. ಮಣ್ಣಿನಡಿಯ ತಂಪು, ತುಂಬಿದ ತೇವ, ಕತ್ತಲೆ ಇವು ಮೂರೂ ಸ್ಥಿರವಾಗಿದ್ದವು. ಮನುಷ್ಯ ಒಳಗೆ ಹೋದ ದಿನವೇ ಅವನ ಉಸಿರು, ಮೈಬಿಸಿ, ಬಟ್ಟೆಯ ಧೂಳು ಒಳಗೆ ಹೋದವು. ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ. 1974ರಲ್ಲಿ ಚಿತ್ರಗಳನ್ನು ರಾಷ್ಟ್ರೀಯ ನಿಧಿ ಎಂದು ಘೋಷಿಸಿತು, 1976ರಲ್ಲಿ ಕೋಣೆಯ ಬಾಯಿಗೆ ಹವೆ ನಿಯಂತ್ರಿಸುವ ಯಂತ್ರಗಳ ಕಟ್ಟಡ ಕಟ್ಟಿತು, ಉದುರುತ್ತಿದ್ದ ಗಿಲಾವನ್ನು ಅಕ್ರಿಲಿಕ್ ರಾಳದಿಂದ ಅಂಟಿಸಿತು. ಆದರೂ 1980ರ ಸುಮಾರಿಗೆ ಬೂಷ್ಟು ಹಬ್ಬಿತು. ಔಷಧಿಯ ಹೊಗೆ ಹಾಕಿ ಹೇಗೋ ತಡೆದರು. 2001ರಲ್ಲಿ ಕೋಣೆಗೂ ಯಂತ್ರದ ಕಟ್ಟಡಕ್ಕೂ ನಡುವಿನ ಜಾಗದಲ್ಲಿ ಮಣ್ಣು ಕುಸಿಯದಂತೆ ಭದ್ರಪಡಿಸುವ ಕೆಲಸ ನಡೆಯಿತು. ಬೂಷ್ಟಿನ ವಿರುದ್ಧ ತೆಗೆದುಕೊಳ್ಳಬೇಕಾದ ಎಚ್ಚರ ಆಗ ಸಾಲದೆ ಹೋಯಿತು. ಆ ಜಾಗದಿಂದ ಬೂಷ್ಟು ಒಳಗೆ ನುಗ್ಗಿತು. ಅದನ್ನು ತಿನ್ನಲು ಸಣ್ಣ ಹುಳುಗಳು ಬಂದವು, ಹುಳುಗಳ ಹಿಂದೆ ಇನ್ನಷ್ಟು ಬೂಷ್ಟು ಬಂತು. ಸಾಲದ್ದಕ್ಕೆ, 2002ರಲ್ಲಿ ಕೆಲಸದ ವೇಳೆ ಪಶ್ಚಿಮದ ಗೋಡೆಗೆ ಪೆಟ್ಟಾಗಿ, ಅದನ್ನು ಸದ್ದಿಲ್ಲದೆ ಸರಿಪಡಿಸಿ ಸುಮ್ಮನಾದರು. ಈ ಸಂಗತಿ ಜನರಿಗೆ ತಿಳಿದದ್ದು 2006ರಲ್ಲಿ.

2004ರಲ್ಲಿ ಬಿಳಿ ಹುಲಿಯ ಚಿತ್ರ ಪತ್ರಿಕೆಯಲ್ಲಿ ಬಂದಾಗ ಜಪಾನಿನ ಜನ ದಿಗ್ಭ್ರಮೆಗೊಂಡರು. 1972ರ ಫೋಟೋದಲ್ಲಿ ಸ್ಪಷ್ಟವಾಗಿದ್ದ ಗೆರೆಗಳು ಮಾಸಿ, ಹುಲಿ ಗೋಡೆಯೊಳಗೇ ಕರಗಿಹೋದಂತೆ ಕಾಣುತ್ತಿತ್ತು. 2005ರಲ್ಲಿ ಕೋಣೆಯನ್ನು ಬಿಚ್ಚುವ ತೀರ್ಮಾನವಾಯಿತು. ಕಾಯಿಲೆ ಆ ಹಂತ ತಲುಪಿದ ಮೇಲೆ ಬೇರೆ ದಾರಿ ಇರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತಪ್ಪು ನಡೆದದ್ದು 2007ರಲ್ಲಲ್ಲ, ಅದಕ್ಕೂ ಮೂವತ್ತು ವರ್ಷ ಮೊದಲು.

ನೆರಿಗೆ

ಸುಣ್ಣಗಾರೆ ಅವರಿಗೆ ಧನ್ಯವಾದಗಳು. ನಾನು ಬಟ್ಟೆಯ ಇತಿಹಾಸ ಓದುವವಳು. ನನ್ನ ಪಾಲಿಗೆ ಈ ಗೋಡೆ ಒಂದು ದಫ್ತರವೇ ಸರಿ. ಪಶ್ಚಿಮದ ಗೋಡೆಯ ನಾಲ್ವರು ಹೆಂಗಸರನ್ನು ದಯವಿಟ್ಟು ನಿಧಾನವಾಗಿ ನೋಡಿ. ಒಬ್ಬಳ ಕೈಯಲ್ಲಿ ಉದ್ದ ಹಿಡಿಯ ದುಂಡು ಬೀಸಣಿಗೆಯಿದೆ. ಅಂಗಿ ಸೊಂಟ ದಾಟಿ ತೊಡೆಯವರೆಗೆ ಇಳಿದಿದೆ, ನಡುವಿಗೆ ತೆಳುವಾದ ಪಟ್ಟಿ ಕಟ್ಟಿದೆ. ಕೆಳಗೆ ನೆಲ ಮುಟ್ಟುವ ಲಂಗ, ಅದಕ್ಕೆ ಮೇಲಿನಿಂದ ಕೆಳಗಿನವರೆಗೆ ಹಿಡಿದ ನೆರಿಗೆಗಳು. ಒಬ್ಬಳ ಲಂಗದಲ್ಲಿ ಒಂದೊಂದು ಪಟ್ಟಿಗೆ ಒಂದೊಂದು ಬಣ್ಣ. ನಾಲ್ವರೂ ಒಬ್ಬರ ಹಿಂದೆ ಒಬ್ಬರು ಅರೆಮರೆಯಾಗಿ ನಿಂತಿರುವುದರಿಂದ ಗೋಡೆಗೆ ಆಳ ಬಂದಿದೆ.

ಇನ್ನೊಂದು ಸಂಗತಿ ಇದೆ. ಗಂಡಸರು ಹೆಂಗಸರೆನ್ನದೆ ಎಲ್ಲರೂ ಅಂಗಿಯ ಎಡಭಾಗವನ್ನು ಒಳಗೆ ಮಾಡಿ, ಬಲಭಾಗವನ್ನು ಅದರ ಮೇಲೆ ತಂದು ಕಟ್ಟಿದ್ದಾರೆ. 719ರಲ್ಲಿ ಜಪಾನಿನ ಆಸ್ಥಾನವು ಪ್ರಜೆಗಳೆಲ್ಲ ಇದಕ್ಕೆ ವಿರುದ್ಧವಾಗಿ, ಬಲಭಾಗ ಒಳಗಾಗುವಂತೆ ಉಡಬೇಕೆಂದು ಆಜ್ಞೆ ಹೊರಡಿಸಿತು. ಇಂದಿನ ಕಿಮೋನೊ ಕೂಡ ಆ ಆಜ್ಞೆಯಂತೆಯೇ ಇದೆ. ಆದ್ದರಿಂದ ಈ ಚಿತ್ರ ಆ ಆಜ್ಞೆಗಿಂತ ಮೊದಲಿನದು ಎಂದು ಬಟ್ಟೆಯೇ ಸಾಕ್ಷಿ ನುಡಿಯುತ್ತದೆ.

ಕಡಲತೀರ

ನೆರಿಗೆ ಮೇಡಂ, ಒಂದು ಸಂದೇಹ. ಜಪಾನಿನಲ್ಲಿ ಈಗ ಶವಕ್ಕೆ ಉಡಿಸುವಾಗ ಕಿಮೋನೊವನ್ನು ತಿರುಗುಮುರುಗಾಗಿ ಉಡಿಸುತ್ತಾರೆಂದು ಕೇಳಿದ್ದೇನೆ. ಇದು ಗೋರಿಯ ಚಿತ್ರವಾದ್ದರಿಂದ ಸತ್ತವರ ಉಡುಗೆಯನ್ನೇ ಬರೆದಿರಬಹುದಲ್ಲವೇ?

ನೆರಿಗೆ

ಸಂದೇಹ ಸಹಜವಾದದ್ದೇ, ಆದರೆ ಹಾಗಾಗಲಾರದು. ಎಲ್ಲರೂ ಮೊದಲೇ ಬಲಭಾಗ ಒಳಗಾಗುವಂತೆ ಉಡುತ್ತಿದ್ದರೆ 719ರಲ್ಲಿ ಆಜ್ಞೆ ಹೊರಡಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಚಿತ್ರದಲ್ಲಿರುವವರು ಯಜಮಾನನ ಹಿಂದೆ ಹೊರಟ ಪರಿವಾರದವರು. ಅವರ ಕೈಯಲ್ಲಿ ಛತ್ರಿ, ಬೀಸಣಿಗೆಗಳಿವೆ. ಅವರು ಬದುಕಿರುವವರ ಹಾಗೆಯೇ ಉಟ್ಟಿದ್ದಾರೆ. ಇದೇ ಬಗೆಯ ನೆರಿಗೆಯ ಲಂಗಗಳು ಕೊರಿಯಾದ ಉತ್ತರ ಭಾಗದಲ್ಲಿ ಆಳಿದ ಗೊಗುರ್ಯೊ ರಾಜ್ಯದ ಗೋರಿಚಿತ್ರಗಳಲ್ಲಿ ಇವೆ. ಗುಂಪುಗಟ್ಟಿ ನಿಂತ ಪರಿಚಾರಿಕೆಯರ ಭಂಗಿಯಾದರೆ ಚೀನಾದ ತಾಂಗ್ ಕಾಲದ ರಾಜಕುಮಾರಿ ಯೊಂಗ್‌ತಾಯ್ ಗೋರಿಯ ಚಿತ್ರಗಳನ್ನು ನೆನಪಿಸುತ್ತದೆ. ಆ ಗೋರಿ 706ರದು. ಎರಡು ನೆರೆನಾಡುಗಳ ಕಲೆಯೂ ಅಸುಕಾದ ಈ ಪುಟ್ಟ ಕೋಣೆಗೆ ತಲುಪಿತ್ತು.

ರೇವತಿ ಅಶ್ವಿನಿ

ಮಾಡಿನ ನಕ್ಷತ್ರಗಳ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ನಮಗೆ ಚಂದ್ರನ ಹಾದಿಯ ನಕ್ಷತ್ರಗಳು ಇಪ್ಪತ್ತೇಳು. ಚೀನೀ ಲೆಕ್ಕದಲ್ಲಿ ಇಪ್ಪತ್ತೆಂಟು. ತಕಮತ್ಸುಜುಕಾದ ಮಾಡಿನಲ್ಲಿ ಆ ಇಪ್ಪತ್ತೆಂಟನ್ನೂ ನಾಲ್ಕು ದಿಕ್ಕಿಗೆ ಏಳೇಳರಂತೆ ಚೌಕವಾಗಿ ಜೋಡಿಸಿ, ನಡುವೆ ಧ್ರುವದ ಬಳಿಯ ತಾರೆಗಳನ್ನು ಇಟ್ಟಿದ್ದಾರೆ. ಬಂಗಾರದ ದುಂಡು ಚುಕ್ಕೆಗಳನ್ನು ಕೆಂಪು ಗೆರೆಗಳು ಕೂಡಿಸುತ್ತವೆ. ಅದು ಆಕಾಶದ ಸಂಕೇತವೇ ಹೊರತು ನಕ್ಷೆಯಲ್ಲ.

ನಿಜವಾದ ನಕ್ಷೆ ಬೇಕೆಂದರೆ ಅದೇ ಗ್ರಾಮದ ಕಿತೋರಾ ದಿಬ್ಬಕ್ಕೆ ಬರಬೇಕು. ಅಲ್ಲಿನ ಮಾಡಿನಲ್ಲಿ ಸುಮಾರು 350 ಬಂಗಾರದ ಚುಕ್ಕೆಗಳಿವೆ, ಒಂದೊಂದೂ ಮೆಣಸಿನ ಕಾಳಿಗಿಂತ ತುಸು ದೊಡ್ಡದು. ಎಂದೂ ಮುಳುಗದ ತಾರೆಗಳ ಎಲ್ಲೆ, ಆಕಾಶದ ನಡುಗೆರೆಯಾದ ವಿಷುವದ್ವೃತ್ತ, ಸೂರ್ಯ ಸಾಗುವ ಹಾದಿಯಾದ ಕ್ರಾಂತಿವೃತ್ತ, ಕಾಣುವ ಆಕಾಶದ ಹೊರ ಎಲ್ಲೆ ಎಂಬ ನಾಲ್ಕು ವೃತ್ತಗಳನ್ನು ಎಳೆದಿದ್ದಾರೆ. ಕ್ರಾಂತಿವೃತ್ತ ಇರಬೇಕಾದ ಕಡೆ ಇಲ್ಲ. ನಕಲು ಮಾಡುವಾಗ ತಪ್ಪಿ ಬೇರೆ ಕಡೆ ಎಳೆದುಬಿಟ್ಟಿದ್ದಾರೆ. ಆ ತಪ್ಪು ನನಗೆ ಬಹಳ ಅಮೂಲ್ಯವಾಗಿ ಕಾಣುತ್ತದೆ, ಏಕೆಂದರೆ ಕುಂಚ ಹಿಡಿದವನು ಆಕಾಶ ನೋಡಿ ಬರೆಯದೆ, ಹಳೆಯ ಪಟವೊಂದನ್ನು ಎದುರಿಗಿಟ್ಟುಕೊಂಡು ಬರೆದ ಎಂಬುದು ಅದರಿಂದಲೇ ತಿಳಿಯುತ್ತದೆ.

ಇಲ್ಲಿನ ಚರ್ಚೆಗೆ ಬೇಕಾದ ವಿಷಯವೆಂದರೆ, ಕಿತೋರಾವನ್ನು ಆತುರದಿಂದ ತೆರೆಯಲಿಲ್ಲ. 1983ರಲ್ಲಿ ಬೆರಳಗಾತ್ರದ ನಳಿಗೆಯ ಕ್ಯಾಮೆರಾ ತೂರಿಸಿ ಉತ್ತರದ ಆಮೆಯನ್ನು ಕಂಡರು. ಮತ್ತೆ ಹದಿನೈದು ವರ್ಷ ಬಿಟ್ಟು, 1998ರಲ್ಲಿ, ಡ್ರ್ಯಾಗನ್, ಹುಲಿ, ನಕ್ಷತ್ರಗಳನ್ನು ಕಂಡರು. 2001ರಲ್ಲಿ ಕೆಂಪು ಹಕ್ಕಿಯನ್ನು ಕಂಡರು. ತಕಮತ್ಸುಜುಕಾದಲ್ಲಿ ಕಳೆದುಹೋದ ಹಕ್ಕಿ ಇಲ್ಲಿ ಉಳಿದಿದೆ, ಹಾರುವ ಮುನ್ನ ನೆಲವನ್ನು ಒದ್ದು ಓಡುವ ಭಂಗಿಯಲ್ಲಿ.

ಮಣ್ಣುಮಾತು

ಎಲ್ಲರ ಬರಹವನ್ನೂ ಗೌರವದಿಂದ ಓದಿದೆ. ಆದರೆ "ಬೇರೆ ದಾರಿ ಇರಲಿಲ್ಲ" ಎಂಬ ಮಾತನ್ನು ನಾನು ಒಪ್ಪಲಾರೆ.

ಕಿತೋರಾದಲ್ಲಿ ಅಷ್ಟು ತಾಳ್ಮೆ ತೋರಿದರೂ ಕೊನೆಗೆ ಆದದ್ದೇನು? ಗಿಲಾವು ಕಲ್ಲಿನಿಂದ ಬಿಟ್ಟುಕೊಂಡಿದೆ ಎಂಬ ಕಾರಣಕ್ಕೆ 2004ರಿಂದ 2010ರವರೆಗೆ ಚಿತ್ರಗಳನ್ನೆಲ್ಲ ತುಂಡು ತುಂಡಾಗಿ ಸುಲಿದು ತೆಗೆದರು. ಆ ಹಕ್ಕಿಯನ್ನು ಬಿಡಿಸಲು ವಜ್ರದ ಪುಡಿ ಕೂರಿಸಿದ ತಂತಿಯ ಗರಗಸವನ್ನೇ ರೂಪಿಸಬೇಕಾಯಿತು. ಕೈಚಳಕ ಮೆಚ್ಚತಕ್ಕದ್ದೇ, ಆದರೆ ಈ ಚಿತ್ರಗಳು ದಿಕ್ಕಿನ ಚಿತ್ರಗಳು. ಪೂರ್ವದಲ್ಲಿ ಡ್ರ್ಯಾಗನ್, ಪಶ್ಚಿಮದಲ್ಲಿ ಹುಲಿ ಇದ್ದರೆ ಮಾತ್ರ ನಡುವೆ ಮಲಗಿದವನು ಲೋಕದ ನಡುವೆ ಮಲಗಿದಂತೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಹುಲಿಗೆ ಯಾವ ದಿಕ್ಕು?

ಬೇರೆ ದಾರಿಗೆ ಒಂದು ಉದಾಹರಣೆ ಕೊಡುತ್ತೇನೆ. ಇಬರಾಕಿ ಪ್ರಾಂತ್ಯದ ತೋರಜುಕಾ ದಿಬ್ಬವನ್ನು 1973ರಲ್ಲಿ, ಎಂದರೆ ತಕಮತ್ಸುಜುಕಾ ತೆರೆದ ಮರುವರ್ಷವೇ, ಅಗೆದರು. ಅಲ್ಲಿ ಕಲ್ಲು ಸರಿಸುವ ಮುನ್ನ ಒಳಗಿನ ಹವೆಯನ್ನು ಅಳೆದರು. ಹೊರಗೆ 32 ಡಿಗ್ರಿ ಸೆಖೆಯಿದ್ದಾಗ ಒಳಗೆ 15 ಡಿಗ್ರಿ, ತೇವಾಂಶ ಶೇ. 92. ಆ ಅಂಕಿಗಳನ್ನು ಕೈಯಲ್ಲಿಟ್ಟುಕೊಂಡೇ ಮುಂದೆ ಕೋಣೆಯನ್ನು ಕಾಪಾಡುವ ವ್ಯವಸ್ಥೆ ಮಾಡಿದರು. ಬಿಳಿ ಮಣ್ಣು ಬಳಿದ ಗೋಡೆಯ ಮೇಲೆ ಕಾವಿಯಿಂದ ಬರೆದ ತ್ರಿಕೋನಗಳು, ಉಂಗುರಗಳು, ಆಯುಧಗಳು ಇಂದಿಗೂ ಅಲ್ಲೇ ಇವೆ. ವಸಂತದಲ್ಲೂ ಶರತ್ಕಾಲದಲ್ಲೂ ಕೆಲವು ದಿನ ಮಾತ್ರ, ಗಾಜಿನಾಚೆಯಿಂದ, ಜನರಿಗೆ ತೋರಿಸುತ್ತಾರೆ.

ಇನ್ನು ಕ್ಯೂಶೂ ದ್ವೀಪದ ಚಿತ್ರಗೋರಿಗಳನ್ನು ಮರೆಯಬಾರದು. ಜಪಾನಿನಲ್ಲಿ ಅಲಂಕಾರವಿರುವ ಗೋರಿಗಳು ಆರುನೂರಕ್ಕೂ ಹೆಚ್ಚಿದ್ದು, ಅರ್ಧಕ್ಕಿಂತ ಹೆಚ್ಚು ಅಲ್ಲೇ ಇವೆ. ಅವು ಅಸುಕಾದ ಗೋಡೆಗಳಿಗಿಂತ ಹಳೆಯವು, ಬಹುಪಾಲು 5, 6ನೆಯ ಶತಮಾನದವು. ಅಲ್ಲಿ ಆಸ್ಥಾನದ ನಯವಿಲ್ಲ. ಕಲ್ಲಿನ ಮೇಲೆ ನೇರವಾಗಿ ಮಣ್ಣುಬಣ್ಣದ ತ್ರಿಕೋನ, ಗುರಾಣಿ, ಬತ್ತಳಿಕೆ, ಕುದುರೆ, ದೋಣಿಗಳಿವೆ. ಫುಕುವೊಕಾ ಪ್ರಾಂತ್ಯದ ಓತ್ಸುಕಾ ಗೋರಿ 1934ರಲ್ಲಿ ಮಣ್ಣು ತೆಗೆಯುವಾಗ ಬಯಲಾಯಿತು. ಒಳಗಿನ ಬಾಗಿಲ ಇಕ್ಕೆಲಗಳಲ್ಲಿ ಕಪ್ಪು, ಕೆಂಪು ಕುದುರೆಗಳು ಕಾವಲು ನಿಂತಿವೆ. ಮೆಜುರಾಶಿಜುಕಾದಲ್ಲಿ ಉಳಿದಿರುವುದು ಮುಖ್ಯವಾಗಿ ಒಂದೇ ಬಂಡೆ. ಅದರ ಮೇಲೆ ಸೂರ್ಯನಂಥ ವೃತ್ತದಡಿ ದೋಣಿ ನಡೆಸುವವನೊಬ್ಬನಿದ್ದಾನೆ, ದೋಣಿಯ ಮೂತಿಯಲ್ಲಿ ಹಕ್ಕಿ ಕುಳಿತಿದೆ. ಸತ್ತವನನ್ನು ಆಚೆ ದಡಕ್ಕೆ ಕರೆದೊಯ್ಯುವ ದೋಣಿ ಎಂದು ಹಲವರು ಹೇಳುತ್ತಾರೆ. ನನಗೂ ಹಾಗೆಯೇ ಕಾಣುತ್ತದೆ.

ಕುಮಾಮೊಟೊ ಪ್ರಾಂತ್ಯದ ಚಿಬುಸಾನ್ ಗೋರಿಯಲ್ಲಿರುವ ದುಂಡು ಗುರುತುಗಳನ್ನು ಊರಿನವರು ಮೊಲೆಯೆಂದು ತಿಳಿದು, ಬಾಣಂತಿಯರಿಗೆ ಹಾಲು ಬರಲೆಂದು ಅಕ್ಕಿಯ ಸಿಹಿಪಾನೀಯ ನೈವೇದ್ಯ ಮಾಡಿ ಹರಕೆ ಹೊರುತ್ತಿದ್ದರು. ಗೋರಿಯು ಊರಿನ ಬದುಕಿನೊಳಗೆ ಉಳಿಯುವ ಬಗೆಯೂ ಇದೇ. ಕೋಣೆಯನ್ನು ಕಿತ್ತು ಪ್ರಯೋಗಾಲಯಕ್ಕೆ ಸಾಗಿಸಿದ ಮೇಲೆ ಅಂಥ ನಂಟು ಎಲ್ಲಿ ಉಳಿಯುತ್ತದೆ?

ಸುಣ್ಣಗಾರೆ

ಮಣ್ಣುಮಾತು ಅವರ ನೋವು ನನಗೆ ಅರ್ಥವಾಗುತ್ತದೆ. ತೋರಜುಕಾದ ಉದಾಹರಣೆ ನನ್ನ ಮಾತನ್ನೇ ಬಲಪಡಿಸುತ್ತದೆ ಎಂದು ವಿನಯದಿಂದ ಹೇಳುತ್ತೇನೆ. ತೆರೆಯುವ ಮುನ್ನ ಅಳೆದ ಕಡೆ ಚಿತ್ರಗಳು ತಮ್ಮ ಜಾಗದಲ್ಲೇ ಉಳಿದವು. ಆದರೆ ಕಾವಿಯನ್ನು ಮಣ್ಣಿನ ಮೇಲೆ ಬಳಿದ ಗೋಡೆ ಬೇರೆ, ಕುಂಚದ ಕೂದಲಿನಷ್ಟು ಸಣ್ಣ ಗೆರೆಗಳನ್ನು ಹೊತ್ತ ಸುಣ್ಣದ ತೆಳುಪದರ ಬೇರೆ. ಆ ಪದರ ಬಿಸ್ಕತ್ತಿನಂತೆ ಟೊಳ್ಳಾಗಿರುವಾಗ ಅದಕ್ಕೆ ಬೂಷ್ಟಿನ ಬೇರು ಹೊಕ್ಕರೆ ಜಾಗದಲ್ಲೇ ಚಿಕಿತ್ಸೆ ಮಾಡುವುದು ಅಸಾಧ್ಯ. ಸ್ಥಳದಲ್ಲೇ ಇದ್ದರೆ ಸುರಕ್ಷಿತ ಎಂದೂ ಹೇಳುವಂತಿಲ್ಲ. 2016ರ ಕುಮಾಮೊಟೊ ಭೂಕಂಪದಲ್ಲಿ ಇದೆರಾ ಮುಂತಾದ ಚಿತ್ರಗೋರಿಗಳೇ ಜಖಂಗೊಂಡವು.

ಕೆಡಿಸುವ ಉದ್ದೇಶ ಯಾರಿಗೂ ಇರುವುದಿಲ್ಲ. ಅಜಂತಾದಲ್ಲಿ 1920ರ ದಶಕದಲ್ಲಿ ಚಿತ್ರಗಳನ್ನು ಉಳಿಸಲೆಂದೇ ಅರಗಿನ ವಾರ್ನಿಷ್ ಬಳಿದರು. ಅದು ಹಳದಿಗಟ್ಟಿ ಬಣ್ಣಗಳನ್ನೇ ಮುಚ್ಚಿತು. ಅಜಂತಾದ ಶೈಲಿಗೆ ಹತ್ತಿರವೆಂದು ಹೆಸರಾದ, ನಾರಾದ ಹೋರ್ಯೂಜಿ ದೇವಾಲಯದ ಭಿತ್ತಿಚಿತ್ರಗಳು 1949ರ ಜನವರಿಯಲ್ಲಿ, ಅವುಗಳ ನಕಲು ಮಾಡುವ ಕೆಲಸ ನಡೆಯುತ್ತಿದ್ದಾಗಲೇ ಬೆಂಕಿಗೆ ಸಿಕ್ಕಿದವು. ಆ ಆಘಾತದಿಂದಲೇ ಜಪಾನಿಗೆ 1950ರಲ್ಲಿ ಸಾಂಸ್ಕೃತಿಕ ಆಸ್ತಿ ಸಂರಕ್ಷಣೆಯ ಕಾನೂನು ಬಂದದ್ದು.

ಬಿಚ್ಚುವಾಗ ತಿಳಿದ ವಿಷಯಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಿಬ್ಬವನ್ನು ಸುಮ್ಮನೆ ಮಣ್ಣು ಸುರಿದು ಎಬ್ಬಿಸಿರಲಿಲ್ಲ. ಕೆಲವೇ ಸೆಂಟಿಮೀಟರಿನ ಒಂದೊಂದು ಪದರ ಹಾಕಿ ದಮ್ಮಸ್ಸು ಹೊಡೆದು ಗಟ್ಟಿ ಮಾಡಿದ್ದರು. ಕೋಲಿನ ತುದಿ ಬಿದ್ದ ದುಂಡು ಗುರುತುಗಳು ಪದರ ಪದರದಲ್ಲೂ ಹಾಗೆಯೇ ಇದ್ದವು. ಆ ಗಟ್ಟಿ ಮಣ್ಣನ್ನು ಹಳೆಯ ಭೂಕಂಪಗಳು ಸೀಳಿದ್ದವು, ಸೀಳುಗಳ ಹಾದಿಯಲ್ಲಿ ನೀರೂ ಬೇರುಗಳೂ ಹುಳುಗಳೂ ಇಳಿದಿದ್ದವು. ಎಂದರೆ ಗೋರಿ ಮೊದಲಿನಷ್ಟು ಭದ್ರವಾಗಿರಲಿಲ್ಲ ಎಂಬ ಸತ್ಯ ತಿಳಿದದ್ದೇ ಅದನ್ನು ಬಿಚ್ಚಿದ ಮೇಲೆ.

ಕಡಲತೀರ

ಒಳಗೆ ಮಲಗಿದ್ದವರು ಯಾರು ಎಂಬುದನ್ನು ಯಾರೂ ಹೇಳಲಿಲ್ಲ.

ನೆರಿಗೆ

ಹೆಸರು ಹೇಳುವ ಬರಹ ಯಾವುದೂ ಸಿಕ್ಕಿಲ್ಲ. ತಲೆಬುರುಡೆಯಿಲ್ಲದ ಮೂಳೆಗಳು ಸಿಕ್ಕಿದವು. ನಡುವಯಸ್ಸು ದಾಟಿದ ಗಂಡಸಿನವು. ಅರಗು ಬಳಿದ ಮರದ ಪೆಟ್ಟಿಗೆಯ ಚೂರುಗಳು, ಕತ್ತಿಯ ಬೆಳ್ಳಿ ಅಲಂಕಾರ, ದ್ರಾಕ್ಷಿಬಳ್ಳಿಯ ನಡುವೆ ಪ್ರಾಣಿಗಳಿರುವ ಕಂಚಿನ ಕನ್ನಡಿ ಕಳ್ಳರ ಕೈ ತಪ್ಪಿಸಿಕೊಂಡು ಉಳಿದಿದ್ದವು. ಅದೇ ಅಚ್ಚಿನ ಕನ್ನಡಿ ಚೀನಾದ ಶಿಆನ್ ಬಳಿ 698ರ ಗೋರಿಯೊಂದರಲ್ಲಿ ಸಿಕ್ಕಿದೆ. ಪೂರ್ವದ ಗೋಡೆಯ ಗಂಡಸರ ಗುಂಪಿನ ಮೇಲೆ ಗಾಢ ಹಸಿರು ಛತ್ರಿಯಿದೆ. ಅಂದಿನ ಕಾನೂನಿನಲ್ಲಿ ಆ ಬಣ್ಣ ಮೊದಲ ದರ್ಜೆಯವರಿಗೆ ಮೀಸಲು. ಆದ್ದರಿಂದ ತೆಮ್ಮು ಚಕ್ರವರ್ತಿಯ ಮಗ ಒಸಾಕಾಬೆ ರಾಜಕುಮಾರನೆಂದು ಕೆಲವರೂ, 717ರಲ್ಲಿ ತೀರಿಕೊಂಡ ಮಂತ್ರಿ ಇಸೊನೊಕಾಮಿ ನೊ ಮಾರೊ ಎಂದು ಕೆಲವರೂ ವಾದಿಸುತ್ತಾರೆ. ನನ್ನ ಒಲವು ಛತ್ರಿಯ ಕಡೆಗೆ, ಎಂದರೆ ಮಂತ್ರಿಯ ಕಡೆಗೆ. ಬಟ್ಟೆಬರೆಯ ಸಾಕ್ಷ್ಯದ ಮೇಲೆ ನನಗೆ ಭರವಸೆ ಹೆಚ್ಚು.

ರೇವತಿ ಅಶ್ವಿನಿ

ಮಣ್ಣುಮಾತು ಸರ್, ಸುಲಿದು ತೆಗೆದ ಬಗ್ಗೆ ಒಂದು ಮಾತು. ಕಿತೋರಾದ ಗೋಡೆಗಳ ಕೆಳಭಾಗದಲ್ಲಿ ಪ್ರಾಣಿಯ ತಲೆ, ಮನುಷ್ಯನ ಮೈ ಇರುವ, ಚೀನೀ ಲೆಕ್ಕದ ಹನ್ನೆರಡು ರಾಶಿದೇವತೆಗಳು ಇದ್ದಿರಬೇಕು, ಎಲ್ಲವೂ ಕಾಣಿಸುವುದಿಲ್ಲ. ದಕ್ಷಿಣದ ಗೋಡೆಯ ಕುದುರೆತಲೆಯವನು ಪತ್ತೆಯಾದದ್ದು ಗೋಡೆಯ ಮೇಲಲ್ಲ, ಗೋಡೆಗೆ ಮೆತ್ತಿಕೊಂಡಿದ್ದ ಕೆಸರಿನ ಮೇಲೆ. ಕಳ್ಳರ ಕಿಂಡಿಯಿಂದ ಹರಿದುಬಂದ ಮಣ್ಣಿಗೆ ಅವನ ಕೆಂಪು ನಿಲುವಂಗಿಯ ಬಣ್ಣ ತಿರುಗಚ್ಚಾಗಿ ಅಂಟಿಕೊಂಡಿತ್ತು. ಆ ಕೆಸರನ್ನು ಯಾರಾದರೂ ಕಸವೆಂದು ತೊಳೆದಿದ್ದರೆ ಅವನು ಇದ್ದನೆಂಬುದೇ ನಮಗೆ ತಿಳಿಯುತ್ತಿರಲಿಲ್ಲ. ಆ ಕೈಗಳಿಗೆ ಅಷ್ಟು ಎಚ್ಚರವಿತ್ತು ಎಂಬುದನ್ನಾದರೂ ನಾವು ಒಪ್ಪಬೇಕು.

ಮಣ್ಣುಮಾತು

ಒಪ್ಪುತ್ತೇನೆ, ಮೇಡಂ. ಕೆಸರಿನ ಸಂಗತಿ ನನಗೆ ತಿಳಿದಿರಲಿಲ್ಲ. ನನ್ನ ಆಕ್ಷೇಪ ಆ ಕೈಗಳ ಮೇಲಲ್ಲ. ಚಿಕಿತ್ಸೆ ಮುಗಿದ ಮೇಲೂ ಕಲ್ಲುಗಳನ್ನು ದಿಬ್ಬದೊಳಕ್ಕೆ ಹಿಂದಿರುಗಿಸದೆ, ಸದ್ಯಕ್ಕೆ ಹೊರಗೇ ಇಡುವುದೆಂದು ತೀರ್ಮಾನಿಸಿದ್ದಾರಲ್ಲ, ಅದರ ಮೇಲೆ. ಆ "ಸದ್ಯ" ಎಂದಿಗೆ ಮುಗಿಯುತ್ತದೆ?

ಒಸಾಕಾವಾಸಿ (ಚರ್ಚೆ ಆರಂಭಿಸಿದವರು)

ಇಷ್ಟೆಲ್ಲ ಬರೆದ ಎಲ್ಲರಿಗೂ ಕೃತಜ್ಞತೆಗಳು. ಈ ಚರ್ಚೆಯನ್ನು ಓದಿದ ಮೇಲೆ ಮೂಲ ಚಿತ್ರಗಳನ್ನು ನೋಡಲು ಅರ್ಜಿ ಹಾಕಿದೆ. ದುರಸ್ತಿ 2020ರ ಮಾರ್ಚ್‌ನಲ್ಲಿ ಮುಗಿದಿದ್ದು, ಕಲ್ಲುಗಳು ಅಸುಕಾದಲ್ಲೇ ಇರುವ ತಾತ್ಕಾಲಿಕ ಕಟ್ಟಡವೊಂದರಲ್ಲಿವೆ. ವರ್ಷಕ್ಕೆ ಕೆಲವು ಸಲ, ಮೊದಲೇ ಅರ್ಜಿ ಹಾಕಿದವರನ್ನು ಸಣ್ಣ ಸಣ್ಣ ಗುಂಪುಗಳಲ್ಲಿ ಒಳಗೆ ಬಿಡುತ್ತಾರೆ. ನನ್ನ ಸರದಿ ನಿನ್ನೆ ಬಂತು.

ಗಾಜಿನ ಕಿಟಕಿಯ ಈಚೆ ಓಣಿಯಲ್ಲಿ ನಿಂತು ಕೆಲವೇ ನಿಮಿಷ ನೋಡಬಹುದು. ಗೋಡೆಯ ಕಲ್ಲುಗಳನ್ನು ಚಿತ್ರ ಮೇಲಾಗುವಂತೆ ಹಾಸಿಗೆಯ ಹಾಗೆ ಅಡ್ಡಡ್ಡಲಾಗಿ ಮಲಗಿಸಿದ್ದಾರೆ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಸಾವಿರದ ಮುನ್ನೂರು ವರ್ಷ ನಿಂತೇ ಇದ್ದ ಆ ನಾಲ್ವರು ಹೆಂಗಸರು ಈಗ ಬೆನ್ನ ಮೇಲೆ ಮಲಗಿ ಮಾಡನ್ನು ನೋಡುತ್ತಿದ್ದಾರೆ. ನಾವು ಅವರನ್ನು ಓರೆಯಾಗಿ ನೋಡಬೇಕು. ಕಪ್ಪು ಕಲೆಗಳು ಬಹುಮಟ್ಟಿಗೆ ಹೋಗಿವೆ. ನೆರಿಗೆ ಮೇಡಂ ಹೇಳಿದ ಬಣ್ಣದ ಪಟ್ಟಿಯ ಲಂಗ ಕಾಣಿಸಿತು. ಅಂಗಿಯ ಬಲಭಾಗ ಮೇಲಿರುವುದೂ ಕಾಣಿಸಿತು.

ಆಮೇಲೆ ಬಿಳಿ ಹುಲಿಯನ್ನು ಹುಡುಕಿದೆ. ಮೊದಲ ನೋಟಕ್ಕೆ ಬರಿಯ ಗಿಲಾವು. ಕಣ್ಣು ಹೊಂದಿಕೊಂಡ ಮೇಲೆ ತುಸು ಕೆಂಪು ಕಂಡಿತು, ಅದರ ಹಿಂದೆ ಬೆನ್ನಿನ ಗೆರೆಯೊಂದು ಇದ್ದಂತೆ ಅನಿಸಿತು. ಅಷ್ಟರಲ್ಲಿ ನಮ್ಮ ಗುಂಪಿನ ಸಮಯ ಮುಗಿಯಿತೆಂದು ಕರೆದರು.